ಐವತ್ತು ಜನರ ದ್ವೀಪಕ್ಕೊಂದು ಸುಪ್ರೀಂ ಕೋರ್ಟ್

ದಕ್ಷಿಣ ಪೆಸಿಫಿಕ್ ಸಾಗರದಲ್ಲಿರುವ, ಬ್ರಿಟನ್ನಿನ ಸಾಗರೋತ್ತರ ಪ್ರದೇಶವಾದ ಪಿಟ್‌ಕೇರ್ನ್ ದ್ವೀಪದಲ್ಲಿ ವಾಸಿಸುವವರು ಐವತ್ತರ ಆಸುಪಾಸು ಮಂದಿ. ದ್ವೀಪದ ವಿಸ್ತೀರ್ಣ ಐದು ಚದರ ಕಿಲೋಮೀಟರಿಗಿಂತ ಕಡಿಮೆ. ಇರುವುದು ಆಡಮ್ಸ್‌ಟೌನ್ ಎಂಬ ಒಂದೇ ಊರು. ವಿಮಾನ ಇಳಿಯಲು ಜಾಗವಿಲ್ಲ, ಹಡಗು ಬಂದು ನಿಲ್ಲುವ ಬಂದರಿಲ್ಲ. ಹಡಗು ದೂರದಲ್ಲಿ ನಿಂತರೆ ದ್ವೀಪದವರು ಉದ್ದನೆಯ ದೋಣಿಗಳಲ್ಲಿ ಅಲೆ ದಾಟಿ ಹೋಗಿ ಜನರನ್ನೂ ಸಾಮಾನನ್ನೂ ಇಳಿಸಿಕೊಂಡು ಬರಬೇಕು. ಇಷ್ಟು ಸಣ್ಣ ಜಾಗಕ್ಕೆ ತನ್ನದೇ ಆದ ಮ್ಯಾಜಿಸ್ಟ್ರೇಟ್ ನ್ಯಾಯಾಲಯವಿದೆ. ಅದರ ಮೇಲೆ ಸುಪ್ರೀಂ ಕೋರ್ಟ್, ಅದರ ಮೇಲೆ ಮೇಲ್ಮನವಿ ನ್ಯಾಯಾಲಯ, ಕೊನೆಯಲ್ಲಿ ಇಂಥ ಪ್ರದೇಶಗಳ ಅಂತಿಮ ಮೇಲ್ಮನವಿಗಳನ್ನು ಕೇಳುವ ಲಂಡನ್ನಿನ ಪ್ರಿವಿ ಕೌನ್ಸಿಲ್. ಒಬ್ಬ ಮುಖ್ಯ ನ್ಯಾಯಾಧೀಶರೂ ಇರುತ್ತಾರೆ, ಆದರೆ ಅವರ ಮನೆ ಆ ದ್ವೀಪದಲ್ಲಿರುವುದಿಲ್ಲ.

ಒಂದು ಬೀದಿಯಷ್ಟು ಜನರಿಗೆ ಇಷ್ಟೊಂದು ನ್ಯಾಯಾಲಯಗಳು ಯಾಕೆ ಎಂಬ ಪ್ರಶ್ನೆ ಸಹಜವಾಗಿ ಏಳುತ್ತದೆ. 2004ರಲ್ಲಿ ಅಲ್ಲಿ ನಡೆದ ಲೈಂಗಿಕ ಅಪರಾಧಗಳ ವಿಚಾರಣೆಯನ್ನು ತಿಳಿದುಕೊಂಡರೆ ಉತ್ತರ ಸಿಗುತ್ತದೆ. ಊರು ಚಿಕ್ಕದಾದಷ್ಟೂ ಹೊರಗಿನ ನ್ಯಾಯಾಧೀಶರ ಅಗತ್ಯ ಹೆಚ್ಚು ಎಂದು ನಾನು ನಂಬಿದ್ದೇನೆ. ಅದೇ ಹೊತ್ತಿನಲ್ಲಿ, ದೂರದಿಂದ ಬರುವ ನ್ಯಾಯ ತಡವಾಗಿ ಬಂದರೆ ಅದರ ಮೇಲೆ ಏಳುವ ಪ್ರಶ್ನೆಗಳನ್ನೂ ತಳ್ಳಿಹಾಕುವಂತಿಲ್ಲ.

ಮೊದಲು ಊರು ಹುಟ್ಟಿದ ಬಗೆ. 1789ರ ಏಪ್ರಿಲ್‌ನಲ್ಲಿ ಬ್ರಿಟಿಷ್ ನೌಕಾಪಡೆಯ ‘ಬೌಂಟಿ’ ಹಡಗಿನಲ್ಲಿ ಫ್ಲೆಚರ್ ಕ್ರಿಶ್ಚಿಯನ್ ಎಂಬ ಅಧಿಕಾರಿಯ ಮುಂದಾಳುತನದಲ್ಲಿ ದಂಗೆ ನಡೆಯಿತು. ದಂಗೆಯೆದ್ದವರಲ್ಲಿ ಒಂಬತ್ತು ಮಂದಿ, ಟಹೀಟಿ ಮತ್ತು ಸುತ್ತಲಿನ ದ್ವೀಪಗಳ ಗಂಡಸರು ಹೆಂಗಸರನ್ನು ಕರೆದುಕೊಂಡು 1790ರ ಜನವರಿಯಲ್ಲಿ ಪಿಟ್‌ಕೇರ್ನ್ ಸೇರಿದರು. ಸಿಕ್ಕಿಬಿದ್ದರೆ ಗಲ್ಲು ಎಂಬುದು ಅವರಿಗೆ ಗೊತ್ತಿತ್ತು. ಆದ್ದರಿಂದ ಬಂದ ಹಡಗನ್ನೇ ಸುಟ್ಟುಹಾಕಿದರು. 1808ರಲ್ಲಿ ಅಮೆರಿಕದ ಹಡಗೊಂದು ಅತ್ತ ಹೋದಾಗ ದಂಗೆಕೋರರಲ್ಲಿ ಬದುಕಿ ಉಳಿದಿದ್ದವನು ಜಾನ್ ಆಡಮ್ಸ್ ಒಬ್ಬನೇ. ಉಳಿದವರಲ್ಲಿ ಹೆಚ್ಚಿನವರು ಪರಸ್ಪರ ಹೊಡೆದಾಟದಲ್ಲಿ ಸತ್ತಿದ್ದರು. ಇಂದಿನ ದ್ವೀಪವಾಸಿಗಳಲ್ಲಿ ಬಹುತೇಕರು ಆ ಮೊದಲ ಕುಟುಂಬಗಳ ವಂಶದವರು. ಅಲ್ಲಿ ಯಾರಿಗೂ ಯಾರೂ ಪರಕೀಯರಲ್ಲ ಎಂಬ ಮಾತು ಅಕ್ಷರಶಃ ನಿಜ.

1838ರಲ್ಲಿ ಬ್ರಿಟಿಷ್ ನೌಕಾಪಡೆಯ ಕ್ಯಾಪ್ಟನ್ ಎಲಿಯಟ್ ಅಲ್ಲಿಗೆ ಹೋದಾಗ, ದ್ವೀಪದವರ ಕೋರಿಕೆಯ ಮೇರೆಗೆ ಒಂದು ನಿಯಮಾವಳಿ ಸಿದ್ಧವಾಯಿತು. ಊರಿಗೊಬ್ಬ ಮ್ಯಾಜಿಸ್ಟ್ರೇಟ್ ಇರಬೇಕು, ಅವನನ್ನು ಹದಿನೆಂಟು ದಾಟಿದ ಗಂಡಸರೂ ಹೆಂಗಸರೂ ಸೇರಿ ಆರಿಸಬೇಕು, ಮಕ್ಕಳು ಕಡ್ಡಾಯವಾಗಿ ಶಾಲೆಗೆ ಹೋಗಬೇಕು ಎಂದು ಅದು ಹೇಳಿತು. ಬ್ರಿಟನ್ನಿನಲ್ಲೇ ಹೆಂಗಸರಿಗೆ ಮತದಾನದ ಹಕ್ಕು ಇಲ್ಲದ ಕಾಲ ಅದು. ನಿಯಮಾವಳಿಯ ಉಳಿದ ಭಾಗದಲ್ಲಿ ನಾಯಿ, ಬೆಕ್ಕು, ಹಂದಿಗಳ ವ್ಯಾಜ್ಯಗಳೇ ತುಂಬಿದ್ದವು. ಓದಿದರೆ ಆ ಊರಿನ ದಿನನಿತ್ಯದ ಜಗಳ ಯಾವ ಬಗೆಯವಾಗಿದ್ದವು ಎಂಬುದು ತಿಳಿಯುತ್ತದೆ.

ಈ ವ್ಯವಸ್ಥೆಯಲ್ಲಿ ಒಂದು ದೊಡ್ಡ ಬಿರುಕಿತ್ತು. ಮ್ಯಾಜಿಸ್ಟ್ರೇಟನೇ ಊರಿನ ಮುಖ್ಯಸ್ಥ, ಅವನೇ ನ್ಯಾಯಾಧೀಶ. ನಡುನಡುವೆ ಬದಲಾವಣೆಗಳಾದರೂ ಈ ಪದ್ಧತಿ 1990ರ ದಶಕದ ಕೊನೆಯವರೆಗೂ ಉಳಿಯಿತು. ಆ ಬಳಿಕವಷ್ಟೇ ಮೇಯರ್ ಹುದ್ದೆ ಬೇರೆಯಾಯಿತು. ದ್ವೀಪದ ನ್ಯಾಯಾಲಯಕ್ಕೆ ಸಣ್ಣ ಅಪರಾಧಗಳನ್ನು ವಿಚಾರಿಸುವ ಅಧಿಕಾರವಷ್ಟೇ ಇತ್ತು. ದೂರು ಕೊಡುವವಳು ನ್ಯಾಯಾಧೀಶನ ತಂಗಿಯ ಮಗಳು, ಆರೋಪ ಹೊತ್ತವನು ಅವನ ತಮ್ಮ, ಸಾಕ್ಷಿ ಹೇಳಬೇಕಾದವಳು ಅವನ ಅತ್ತೆ ಎಂಬಂಥ ಊರಿನಲ್ಲಿ ಹಂದಿ ತೋಟಕ್ಕೆ ನುಗ್ಗಿದ್ದನ್ನು ತೀರ್ಮಾನಿಸಬಹುದು. ಮನೆಯೊಳಗಿನ ಘೋರ ಅಪರಾಧವನ್ನು ತೀರ್ಮಾನಿಸುವುದು ಸಾಧ್ಯವಿರಲಿಲ್ಲ. ದೂರು ಹೊರಗೆ ಬರುವುದೇ ಅಪರೂಪವಾಗಿತ್ತು.

ಆಡಳಿತವೂ ದೂರದಲ್ಲೇ ಇತ್ತು. 1898ರಿಂದ ಪಿಟ್‌ಕೇರ್ನ್ ಪಶ್ಚಿಮ ಪೆಸಿಫಿಕ್‌ನ ಬ್ರಿಟಿಷ್ ಹೈಕಮಿಷನರ್ ಕೈಕೆಳಗಿತ್ತು, ಆಮೇಲೆ ಫಿಜಿಯ ಗವರ್ನರ್ ಅದನ್ನು ನೋಡಿಕೊಂಡರು. 1970ರಲ್ಲಿ ಫಿಜಿ ಸ್ವತಂತ್ರವಾದ ಮೇಲೆ ನ್ಯೂಜಿಲೆಂಡಿನಲ್ಲಿರುವ ಬ್ರಿಟಿಷ್ ಹೈಕಮಿಷನರ್ ಅವರೇ ಪಿಟ್‌ಕೇರ್ನ್‌ನ ಗವರ್ನರ್ ಆಗುವ ಪದ್ಧತಿ ಬಂತು. ನ್ಯೂಜಿಲೆಂಡಿನಿಂದ ದ್ವೀಪಕ್ಕೆ ಐದು ಸಾವಿರ ಕಿಲೋಮೀಟರಿಗೂ ಹೆಚ್ಚು ದೂರ. ದ್ವೀಪದಲ್ಲಿ ಕಾಯಂ ಪೊಲೀಸ್ ಅಧಿಕಾರಿ ಇರಲಿಲ್ಲ, ವಕೀಲರಂತೂ ಇರಲೇ ಇಲ್ಲ.

1999ರಲ್ಲಿ ಇಂಗ್ಲೆಂಡಿನ ಕೆಂಟ್ ಪ್ರಾಂತದಿಂದ ಮಹಿಳಾ ಪೊಲೀಸ್ ಅಧಿಕಾರಿಯೊಬ್ಬರು ದ್ವೀಪದಲ್ಲಿ ಕೆಲಸ ಮಾಡುತ್ತಿದ್ದಾಗ ಹದಿನೈದು ವರ್ಷದ ಹುಡುಗಿಯ ಮೇಲೆ ಲೈಂಗಿಕ ದೌರ್ಜನ್ಯ ನಡೆದ ಸಂಗತಿ ಹೊರಬಿತ್ತು. ಆ ಒಂದು ದೂರನ್ನು ಹಿಡಿದು ತನಿಖೆ ಆರಂಭವಾಯಿತು. ಪೊಲೀಸರು ಹಿಂದಿನ ದಶಕಗಳಲ್ಲಿ ಆ ದ್ವೀಪದಲ್ಲಿ ಬೆಳೆದು ಈಗ ಬೇರೆ ದೇಶಗಳಲ್ಲಿ ನೆಲೆಸಿದ್ದ ಹೆಂಗಸರನ್ನು ಹುಡುಕಿ ಮಾತನಾಡಿಸಿದರು. ಒಬ್ಬೊಬ್ಬರು ಬಾಯಿಬಿಟ್ಟಂತೆ, ಬಾಲ್ಯದಲ್ಲಿ ಅವರ ಮೇಲೆ ನಡೆದಿದ್ದ ಕೃತ್ಯಗಳ ಸರಣಿಯೇ ಬಯಲಾಯಿತು. ಹಲವು ಘಟನೆಗಳು ದಶಕಗಳಷ್ಟು ಹಳೆಯವು. 2003ರಲ್ಲಿ ದ್ವೀಪದಲ್ಲಿದ್ದ ಏಳು ಗಂಡಸರ ಮೇಲೆ ಐವತ್ತೈದು ಆರೋಪಗಳನ್ನು ಹೊರಿಸಲಾಯಿತು. ಅಂದಿನ ಮೇಯರ್ ಕೂಡ ಆ ಏಳರಲ್ಲಿ ಒಬ್ಬರು. ಆಗ ಇಡೀ ದ್ವೀಪದ ಜನಸಂಖ್ಯೆ 47.

ಈ ಲೆಕ್ಕವನ್ನು ಸ್ವಲ್ಪ ಯೋಚಿಸಿ ನೋಡಬೇಕು. 47 ಜನರಲ್ಲಿ ಮಕ್ಕಳನ್ನೂ ಮುದುಕರನ್ನೂ ಹೆಂಗಸರನ್ನೂ ಬಿಟ್ಟರೆ ದುಡಿಯುವ ಗಂಡಸರು ಬೆರಳೆಣಿಕೆಯಷ್ಟು. ಅವರಲ್ಲಿ ಹೆಚ್ಚಿನವರು ಆರೋಪಿಗಳು. ದೋಣಿ ನಡೆಸುವವರೂ ಅವರೇ. ಅವರನ್ನು ಜೈಲಿಗೆ ಹಾಕಿದರೆ ಹಡಗಿನಿಂದ ಸಾಮಾನು ಇಳಿಸುವವರು ಯಾರು, ಊರು ಉಳಿಯುವುದು ಹೇಗೆ ಎಂಬ ಭಯ ಸುಳ್ಳಿನದಾಗಿರಲಿಲ್ಲ. ದ್ವೀಪದ ಕೆಲವು ಹೆಂಗಸರೇ ಪತ್ರಕರ್ತರನ್ನು ಕರೆದು, ಚಿಕ್ಕ ವಯಸ್ಸಿನಲ್ಲಿ ಲೈಂಗಿಕ ಸಂಬಂಧ ಇಲ್ಲಿನ ರೂಢಿ, ನಮ್ಮ ಗಂಡಸರನ್ನು ಬಲಿಪಶು ಮಾಡಲಾಗುತ್ತಿದೆ ಎಂದು ಹೇಳಿದರು. ಊರು ಉಳಿಯಬೇಕೆಂಬ ಅವರ ಆತಂಕ ನನಗೆ ಅರ್ಥವಾಗುತ್ತದೆ. ಆದರೆ ಊರಿನ ಉಳಿವಿಗೆ ಹುಡುಗಿಯರು ಬೆಲೆ ತೆರಬೇಕು ಎಂಬ ವಾದವನ್ನು ಯಾವ ದ್ವೀಪದಲ್ಲೂ ಒಪ್ಪಲಾಗದು. ರೂಢಿ ಎಂದು ಹೇಳಿದವರು ಊರೊಳಗೆ ಇದ್ದರು. ಅದು ರೂಢಿಯಲ್ಲ, ನೋವು ಎಂದು ಹೇಳಿದವರಲ್ಲಿ ಬಹುತೇಕರು ಊರು ಬಿಟ್ಟು ಹೋಗಿದ್ದರು. ಹೊರಗಿನ ನ್ಯಾಯಾಲಯ ಬರದಿದ್ದರೆ ಅವರ ಮಾತನ್ನು ಕೇಳುವವರೇ ಇರುತ್ತಿರಲಿಲ್ಲ.

ಹಾಗಾದರೆ ನ್ಯಾಯಾಲಯವನ್ನು ಎಲ್ಲಿಂದ ತರುವುದು? ಗವರ್ನರ್ ನ್ಯೂಜಿಲೆಂಡಿನ ನ್ಯಾಯಾಧೀಶರನ್ನು ಪಿಟ್‌ಕೇರ್ನ್ ಸುಪ್ರೀಂ ಕೋರ್ಟಿಗೆ ನೇಮಿಸಿದರು. ಮುಖ್ಯ ನ್ಯಾಯಾಧೀಶರಾಗಿ ಚಾರ್ಲ್ಸ್ ಬ್ಲಾಕಿ, ಅವರೊಂದಿಗೆ ಜೇನ್ ಲವೆಲ್-ಸ್ಮಿತ್ ಮತ್ತು ರಸೆಲ್ ಜಾನ್ಸನ್. ಸರ್ಕಾರದ ಪರವಾಗಿ ವಾದಿಸುವ ಅಭಿಯೋಜಕರನ್ನೂ ಆರೋಪಿಗಳ ಪರವಾಗಿ ಸರ್ಕಾರದ ಖರ್ಚಿನಲ್ಲಿ ವಾದಿಸುವ ವಕೀಲರನ್ನೂ ನ್ಯೂಜಿಲೆಂಡಿನಿಂದಲೇ ಗೊತ್ತುಮಾಡಲಾಯಿತು. ನ್ಯೂಜಿಲೆಂಡ್ ಸಂಸತ್ತು 2002ರಲ್ಲಿ ವಿಶೇಷ ಕಾಯಿದೆಯೊಂದನ್ನು ಮಾಡಿ, ಪಿಟ್‌ಕೇರ್ನ್ ನ್ಯಾಯಾಲಯ ತನ್ನ ನೆಲದಲ್ಲಿ ಕಲಾಪ ನಡೆಸಬಹುದು ಎಂದು ಒಪ್ಪಿಗೆ ಕೊಟ್ಟಿತು. ಅಂದರೆ ಆಕ್ಲೆಂಡ್ ಸಮೀಪದ ಒಂದು ಕೋಣೆಯಲ್ಲಿ ನ್ಯೂಜಿಲೆಂಡಿನ ನ್ಯಾಯಾಧೀಶರು ಕುಳಿತಿದ್ದರೂ ಅಲ್ಲಿ ನಡೆಯುತ್ತಿದ್ದುದು ಪಿಟ್‌ಕೇರ್ನ್ ನ್ಯಾಯಾಲಯ, ಅನ್ವಯವಾಗುತ್ತಿದ್ದುದು ಪಿಟ್‌ಕೇರ್ನ್ ಕಾನೂನು.

ನಮಗೆ ಇದು ಪೂರ್ತಿ ಹೊಸದೇನೂ ಅಲ್ಲ. ಲಕ್ಷದ್ವೀಪದ ಮೊಕದ್ದಮೆಗಳು ಕೊಚ್ಚಿಯಲ್ಲಿರುವ ಕೇರಳ ಹೈಕೋರ್ಟಿಗೆ ಹೋಗುತ್ತವೆ. ಅಂಡಮಾನ್ ನಿಕೋಬಾರ್ ಕಲ್ಕತ್ತಾ ಹೈಕೋರ್ಟಿನ ವ್ಯಾಪ್ತಿಯಲ್ಲಿದೆ, ಅಲ್ಲಿಂದ ನ್ಯಾಯಮೂರ್ತಿಗಳು ಪೋರ್ಟ್ ಬ್ಲೇರಿನ ಸಂಚಾರಿ ಪೀಠಕ್ಕೆ ಬರುತ್ತಾರೆ. ವ್ಯತ್ಯಾಸ ಇಷ್ಟು: ಇಲ್ಲಿ ದೊಡ್ಡ ಹೈಕೋರ್ಟು ದ್ವೀಪವನ್ನು ತನ್ನೊಳಗೆ ಸೇರಿಸಿಕೊಳ್ಳುತ್ತದೆ. ಬ್ರಿಟಿಷ್ ಪದ್ಧತಿಯಲ್ಲಿ ಪ್ರತಿ ಸಾಗರೋತ್ತರ ಪ್ರದೇಶವೂ ಇಂಗ್ಲೆಂಡಿಗಿಂತ ಬೇರೆಯಾದ ಕಾನೂನು ವ್ಯಾಪ್ತಿ. ಆದ್ದರಿಂದ ಎಷ್ಟೇ ಚಿಕ್ಕದಾದರೂ ಅದಕ್ಕೆ ತನ್ನದೇ ನ್ಯಾಯಾಲಯ ಬೇಕು. ಅದರ ಹೆಸರು ಸುಪ್ರೀಂ ಕೋರ್ಟ್ ಎಂದಿದ್ದರೂ ಅದು ಕೊನೆಯ ನ್ಯಾಯಾಲಯವಲ್ಲ. ಗಂಭೀರ ಅಪರಾಧಗಳ ವಿಚಾರಣೆ ಮೊದಲು ನಡೆಯುವುದೇ ಅಲ್ಲಿ.

ವಿಚಾರಣೆ ಎಲ್ಲಿ ನಡೆಯಬೇಕು ಎಂಬುದರ ಮೇಲೂ ಜಗ್ಗಾಟವಾಯಿತು. ನ್ಯೂಜಿಲೆಂಡಿನಲ್ಲಿ ನಡೆದರೆ ದೂರುದಾರ ಹೆಂಗಸರಿಗೆ ಅನುಕೂಲ, ಖರ್ಚೂ ಕಡಿಮೆ. ಆರೋಪಿಗಳು ತಮ್ಮ ನೆಲದಲ್ಲೇ ವಿಚಾರಣೆ ಆಗಲಿ ಎಂದು ಪಟ್ಟು ಹಿಡಿದರು, ಅವರ ಮಾತು ನಡೆಯಿತು. 2004ರ ಸೆಪ್ಟೆಂಬರ್ ಕೊನೆಯಲ್ಲಿ ನ್ಯಾಯಾಧೀಶರು, ವಕೀಲರು, ಪೊಲೀಸರು ಮತ್ತು ಆರು ಮಂದಿ ಪತ್ರಕರ್ತರು ಸಮುದ್ರ ದಾಟಿ ಆಡಮ್ಸ್‌ಟೌನ್ ತಲುಪಿದರು. ಅದಕ್ಕೂ ಮುಂಚೆ ದ್ವೀಪದವರು ತಮ್ಮಲ್ಲಿದ್ದ ಬಂದೂಕುಗಳನ್ನು ಒಪ್ಪಿಸುವಂತೆ ಸೂಚನೆ ಹೋಗಿತ್ತು. ಸಮುದಾಯ ಭವನವೇ ನ್ಯಾಯಾಲಯವಾಯಿತು. ಹೆಂಗಸರು ಸಾವಿರಾರು ಮೈಲಿ ದೂರದ ನ್ಯೂಜಿಲೆಂಡಿನಲ್ಲಿ ಕುಳಿತು ಉಪಗ್ರಹ ಸಂಪರ್ಕದ ವಿಡಿಯೊ ಮೂಲಕ ಸಾಕ್ಷ್ಯ ಹೇಳಿದರು. ಜ್ಯೂರಿ ಇರಲಿಲ್ಲ. ಇರುವ ಸಾಧ್ಯತೆಯೂ ಇರಲಿಲ್ಲ: ಆರೋಪಿಗೆ ಸಂಬಂಧಿಯಲ್ಲದ ಹನ್ನೆರಡು ಮಂದಿಯನ್ನು 47 ಜನರ ಊರಿನಲ್ಲಿ ಹೇಗೆ ಆರಿಸುವುದು?

ಅಕ್ಟೋಬರ್ ಕೊನೆಯ ಹೊತ್ತಿಗೆ ತೀರ್ಪು ಬಂತು. ಏಳರಲ್ಲಿ ಆರು ಮಂದಿ ತಪ್ಪಿತಸ್ಥರೆಂದು ಸಾಬೀತಾಯಿತು, ಒಬ್ಬರು ಖುಲಾಸೆಯಾದರು. ನಾಲ್ವರಿಗೆ ಎರಡರಿಂದ ಆರು ವರ್ಷಗಳ ಜೈಲು ಶಿಕ್ಷೆ, ಇಬ್ಬರಿಗೆ ಸಮುದಾಯ ಸೇವೆ. ಅಪರಾಧದ ಗಂಭೀರತೆಗೆ ಹೋಲಿಸಿದರೆ ಈ ಶಿಕ್ಷೆ ಕಡಿಮೆ. ದ್ವೀಪದಲ್ಲಿ ಜೈಲು ಕಟ್ಟುವ ಕೆಲಸದಲ್ಲಿ ಆರೋಪ ಹೊತ್ತವರೇ ಕೈಜೋಡಿಸಿದ್ದರು, ಬೇರೆ ಕೆಲಸಗಾರರು ಸಿಗುತ್ತಿರಲಿಲ್ಲ.

ಮೊಕದ್ದಮೆಯ ಅತ್ಯಂತ ಕಠಿಣ ಭಾಗ ಶುರುವಾದದ್ದು ಕಾನೂನಿನ ಪ್ರಶ್ನೆಗಳಲ್ಲಿ. ಆರೋಪಿಗಳ ವಕೀಲರು ಎತ್ತಿದ ಮೂರು ವಾದಗಳನ್ನು ನಾನು ಹಗುರವಾಗಿ ಕಾಣುವುದಿಲ್ಲ. ಅವು ಪಿಟ್‌ಕೇರ್ನ್ ಮೇಲ್ಮನವಿ ನ್ಯಾಯಾಲಯವನ್ನು ದಾಟಿ ಪ್ರಿವಿ ಕೌನ್ಸಿಲ್ ತಲುಪಿದವು.

ಮೊದಲನೆಯದು, ಪಿಟ್‌ಕೇರ್ನ್ ಬ್ರಿಟನ್ನಿಗೆ ಸೇರಿದ್ದೇ ಅಲ್ಲ ಎಂಬುದು. 1790ರಲ್ಲಿ ಹಡಗು ಸುಟ್ಟವರು ಬ್ರಿಟಿಷ್ ರಾಜನಿಗೆ ನಿಷ್ಠೆಯನ್ನೂ ಸುಟ್ಟರು. ಬ್ರಿಟನ್ ಎಂದೂ ವಿಧಿವತ್ತಾಗಿ ದ್ವೀಪವನ್ನು ತನ್ನದಾಗಿಸಿಕೊಂಡಿಲ್ಲ. ಹಾಗಿದ್ದ ಮೇಲೆ ಅದರ ಕಾನೂನು ನಮಗೆ ತಾಗುವುದು ಹೇಗೆ ಎಂದು ಅವರು ಕೇಳಿದರು. ದಂಗೆಕೋರರ ವಂಶದವರು ಎತ್ತಿದ ಈ ವಾದದಲ್ಲಿ ಒಂದು ಇತಿಹಾಸದ ಬಿಸಿ ಇದೆ. ಆದರೆ ಕಾನೂನಿನಲ್ಲಿ ಅದು ನಿಲ್ಲಲಿಲ್ಲ. ಒಂದು ಪ್ರದೇಶ ತನ್ನ ಸಾರ್ವಭೌಮತ್ವಕ್ಕೆ ಸೇರಿದ್ದು ಎಂದು ಸರ್ಕಾರ ಹೇಳಿದರೆ ನ್ಯಾಯಾಲಯ ಅದನ್ನು ಕೆದಕಲು ಹೋಗುವುದಿಲ್ಲ ಎಂಬುದು ಬ್ರಿಟಿಷ್ ನ್ಯಾಯಪದ್ಧತಿಯ ಹಳೆಯ ನಿಲುವು. ಜೊತೆಗೆ ನೂರಕ್ಕೂ ಹೆಚ್ಚು ವರ್ಷಗಳ ಆಡಳಿತದ ದಾಖಲೆಗಳಿದ್ದವು. ದ್ವೀಪದವರೂ ಬ್ರಿಟಿಷ್ ರಕ್ಷಣೆಯನ್ನು ಪಡೆಯುತ್ತಲೇ ಬಂದಿದ್ದರು.

ಎರಡನೆಯದು ಹೆಚ್ಚು ಗಟ್ಟಿಯಾದದ್ದು: ಪ್ರಕಟವಾಗದ ಕಾನೂನಿನ ಪ್ರಕಾರ ಶಿಕ್ಷೆ ಕೊಡಬಹುದೇ? ಆರೋಪ ಹೊರಿಸಿದ್ದು ಇಂಗ್ಲೆಂಡಿನ 1956ರ ಲೈಂಗಿಕ ಅಪರಾಧಗಳ ಕಾಯಿದೆಯಡಿ. ಇಂಗ್ಲೆಂಡಿನ ಸಾಮಾನ್ಯ ಕಾಯಿದೆಗಳು ಸ್ಥಳೀಯ ಪರಿಸ್ಥಿತಿಗೆ ಹೊಂದುವಷ್ಟರ ಮಟ್ಟಿಗೆ ಪಿಟ್‌ಕೇರ್ನ್‌ಗೂ ಅನ್ವಯಿಸುತ್ತವೆ ಎಂದು ಗವರ್ನರ್ ಹೊರಡಿಸಿದ ಶಾಸನದಲ್ಲಿ ಬರೆದಿತ್ತು. ಆದರೆ ಯಾವ ಕಾಯಿದೆ, ಅದರಲ್ಲಿ ಏನಿದೆ ಎಂಬುದನ್ನು ದ್ವೀಪದಲ್ಲಿ ಯಾರೂ ಓದಿ ಹೇಳಿರಲಿಲ್ಲ, ಅದನ್ನು ಅಲ್ಲಿ ಪ್ರಕಟಿಸಿರಲಿಲ್ಲ ಎಂದು ವಕೀಲರು ವಾದಿಸಿದರು. ಕಾನೂನು ಗೊತ್ತಿರಲಿಲ್ಲ ಎನ್ನುವುದು ಕ್ಷಮೆಗೆ ಕಾರಣವಾಗದು ಎಂಬ ಸೂತ್ರ ನಮಗೆಲ್ಲ ಪರಿಚಿತ. ಅದರ ಇನ್ನೊಂದು ಮುಖವನ್ನು ನಾವು ಮರೆಯುತ್ತೇವೆ: ಪ್ರಜೆಗೆ ಕಾನೂನು ತಿಳಿದುಕೊಳ್ಳುವ ದಾರಿಯನ್ನು ರಾಜ್ಯ ತೆರೆದಿಡಬೇಕು.

2006ರ ಅಕ್ಟೋಬರ್ 30ರಂದು ಪ್ರಿವಿ ಕೌನ್ಸಿಲ್ ತೀರ್ಪು ಕೊಟ್ಟಿತು. ಮುಖ್ಯ ತೀರ್ಪು ಲಾರ್ಡ್ ಹಾಫ್‌ಮನ್ ಅವರದು. ಬಲಾತ್ಕಾರವಾಗಲಿ ಮಕ್ಕಳ ಮೇಲಿನ ದೌರ್ಜನ್ಯವಾಗಲಿ ಅಪರಾಧ ಎಂಬುದು ದ್ವೀಪದವರಿಗೆ ತಿಳಿದೇ ಇತ್ತು, ಕಾಯಿದೆಯ ಹೆಸರು, ಕಲಮಿನ ಸಂಖ್ಯೆ ಗೊತ್ತಿರದಿದ್ದುದರಿಂದ ಅವರಿಗೆ ಅನ್ಯಾಯವಾಗಿಲ್ಲ ಎಂಬುದು ಅದರ ಸಾರ. ಲಾರ್ಡ್ ಹೋಪ್ ಮತ್ತು ಲಾರ್ಡ್ ವುಲ್ಫ್ ತೀರ್ಮಾನವನ್ನು ಒಪ್ಪಿದರೂ ಪ್ರತ್ಯೇಕವಾಗಿ ಬರೆದರು. ಕಾನೂನನ್ನು ಜನರಿಗೆ ತಲುಪಿಸದ ವಿಷಯ ಅವರನ್ನು ಕಾಡಿತ್ತು. ಆ ಕಳವಳಕ್ಕೆ ಬೆಲೆಯಿದೆ. ಇಲ್ಲಿದ್ದದ್ದು ಎಲ್ಲರಿಗೂ ತಪ್ಪೆಂದು ಗೊತ್ತಿರುವ ಕೃತ್ಯ. ತೆರಿಗೆಯನ್ನೋ ಪರವಾನಗಿಯನ್ನೋ ಕುರಿತ ಕಾನೂನಾಗಿದ್ದರೆ ಇದೇ ಉತ್ತರ ಸಾಕಾಗುತ್ತಿತ್ತೇ ಎಂಬುದು ನಿಜವಾದ ಪ್ರಶ್ನೆ.

ಮೂರನೆಯ ವಾದ, ಅಪರಾಧಗಳು ನಡೆದ ಮೇಲೆ ನ್ಯಾಯಾಧೀಶರು, ಅಭಿಯೋಜಕರು, ಜೈಲು ಎಲ್ಲವನ್ನೂ ಈ ಏಳು ಮಂದಿಗಾಗಿಯೇ ಹುಟ್ಟಿಸಲಾಗಿದೆ, ಇದು ನ್ಯಾಯ ಪ್ರಕ್ರಿಯೆಯ ದುರುಪಯೋಗ ಎಂಬುದು. ಇದಕ್ಕೂ ಪ್ರಿವಿ ಕೌನ್ಸಿಲ್ ಒಪ್ಪಲಿಲ್ಲ. ಅಪರಾಧ ನಡೆದ ಮೇಲೆ ಹೊಸ ಅಪರಾಧವನ್ನು ಸೃಷ್ಟಿಸಿ ಹಿಂದಿನಿಂದ ಅನ್ವಯಿಸಿದರೆ ಅದು ಅನ್ಯಾಯ. ಮೊದಲೇ ಅಪರಾಧವಾಗಿದ್ದುದನ್ನು ವಿಚಾರಿಸಲು ಆಮೇಲೆ ನ್ಯಾಯಾಧೀಶರನ್ನು ನೇಮಿಸಿದರೆ ಅದು ಬೇರೆಯೇ ಮಾತು. ಈ ವ್ಯತ್ಯಾಸ ನನಗೆ ಸರಿ ಎನಿಸುತ್ತದೆ. ಆದರೂ ಒಂದು ನೋವು ಉಳಿಯುತ್ತದೆ. ಬ್ರಿಟಿಷ್ ಆಡಳಿತ ತನ್ನ ಕರ್ತವ್ಯವನ್ನು ಮೊದಲೇ ಮಾಡಿದ್ದರೆ, ಒಬ್ಬ ಕಾಯಂ ಪೊಲೀಸ್ ಅಧಿಕಾರಿಯನ್ನಾದರೂ ಅಲ್ಲಿ ಇರಿಸಿದ್ದರೆ, ಎಷ್ಟೋ ಹುಡುಗಿಯರ ಬಾಲ್ಯ ಉಳಿಯುತ್ತಿತ್ತು. ಆ ಅಸಡ್ಡೆಗೆ ಯಾವ ನ್ಯಾಯಾಲಯದಲ್ಲೂ ಆರೋಪಪಟ್ಟಿ ಸಲ್ಲಿಕೆಯಾಗಲಿಲ್ಲ.

ಪ್ರಿವಿ ಕೌನ್ಸಿಲ್ ಎಂದಾಗ ನಮ್ಮ ಹಿರಿಯರಿಗೆ ಕಿವಿ ನಿಮಿರುತ್ತಿತ್ತು. ಧಾರವಾಡ, ಬೆಳಗಾವಿಯ ವ್ಯಾಜ್ಯಗಳು ಬಾಂಬೆ ಹೈಕೋರ್ಟನ್ನೂ ಮಂಗಳೂರು, ಬಳ್ಳಾರಿಯ ವ್ಯಾಜ್ಯಗಳು ಮದ್ರಾಸ್ ಹೈಕೋರ್ಟನ್ನೂ ದಾಟಿ ಲಂಡನ್ನಿಗೆ ಹೋಗಬಹುದಾದ ಕಾಲವೊಂದಿತ್ತು. 1949ರಲ್ಲಿ ಭಾರತ ಆ ಬಾಗಿಲು ಮುಚ್ಚಿತು. ನ್ಯೂಜಿಲೆಂಡ್ 2003ರ ಕೊನೆಯಲ್ಲಿ ತನ್ನದೇ ಸುಪ್ರೀಂ ಕೋರ್ಟ್ ಕಟ್ಟಿಕೊಂಡು ಅದೇ ಹೆಜ್ಜೆ ಇಟ್ಟಿತು. ಹೀಗಾಗಿ ಸ್ವಂತ ದೇಶದ ಮೇಲ್ಮನವಿಗಳು ಲಂಡನ್ನಿಗೆ ಹೋಗುವುದು ನಿಂತ ಮೇಲೂ, ಪಿಟ್‌ಕೇರ್ನ್‌ಗಾಗಿ ಕುಳಿತ ನ್ಯೂಜಿಲೆಂಡ್ ನ್ಯಾಯಾಧೀಶರ ತೀರ್ಪುಗಳು ಮಾತ್ರ ಅಲ್ಲಿಗೇ ಹೋಗುತ್ತವೆ.

ಇಂಥ ದ್ವೀಪ ನ್ಯಾಯಾಲಯ ಸರ್ಕಾರದ ಕೈಗೊಂಬೆಯಾಗುವುದಿಲ್ಲವೇ ಎಂದು ಕೆಲವರು ಕೇಳಬಹುದು. ಹಿಂದೂ ಮಹಾಸಾಗರದ, ಬ್ರಿಟಿಷ್ ಆಡಳಿತದ ಡಿಯಾಗೊ ಗಾರ್ಸಿಯಾ ದ್ವೀಪದ ಉದಾಹರಣೆ ನೋಡಿ. 2021ರ ಅಕ್ಟೋಬರ್‌ನಲ್ಲಿ ಕೆನಡಾಕ್ಕೆ ಹೊರಟ ಶ್ರೀಲಂಕಾ ತಮಿಳರ ದೋಣಿಯೊಂದು ಅಪಾಯಕ್ಕೆ ಸಿಕ್ಕಿ ಆ ದ್ವೀಪ ಸೇರಿತು. ಅವರನ್ನು ವರ್ಷಗಟ್ಟಲೆ ಬೇಲಿಯೊಳಗಿನ ಶಿಬಿರದಲ್ಲಿ ಇರಿಸಲಾಯಿತು. ಅಮೆರಿಕದ ಸೇನಾನೆಲೆ ಇರುವ ಆ ದ್ವೀಪದಲ್ಲಿ ಅವರ ಬಂಧನದ ಬಗ್ಗೆ ವಿಚಾರಣೆ ನಡೆಸಲು 2024ರ ಜುಲೈನಲ್ಲಿ ಅಮೆರಿಕ ಅನುಮತಿ ಹಿಂತೆಗೆದುಕೊಂಡಿತು, ಸೆಪ್ಟೆಂಬರ್‌ನಲ್ಲಿ ಅಂತೂ ನಡೆಯಿತು. ಬ್ರಿಟಿಷ್ ಹಿಂದೂ ಮಹಾಸಾಗರ ಪ್ರದೇಶದ ಸುಪ್ರೀಂ ಕೋರ್ಟಿನ ಹಂಗಾಮಿ ನ್ಯಾಯಾಧೀಶೆ ಮಾರ್ಗರೆಟ್ ಓಬಿ, ಆ ಜನರನ್ನು ಕಾನೂನುಬಾಹಿರವಾಗಿ ಬಂಧನದಲ್ಲಿ ಇರಿಸಲಾಗಿತ್ತು ಎಂದು ಅದೇ ಡಿಸೆಂಬರ್‌ನಲ್ಲಿ ತೀರ್ಪು ಕೊಟ್ಟರು. ಆ ಪ್ರದೇಶಕ್ಕೆ ತನ್ನದೇ ನ್ಯಾಯಾಲಯ ಇರದಿದ್ದರೆ ಆ ಕುಟುಂಬಗಳು ಯಾರ ಬಾಗಿಲು ಬಡಿಯಬೇಕಿತ್ತು?

ಪಿಟ್‌ಕೇರ್ನ್‌ಗೆ 2010ರ ಮಾರ್ಚ್‌ನಲ್ಲಿ ಹೊಸ ಸಂವಿಧಾನ ಬಂತು. ಮೂಲಭೂತ ಹಕ್ಕುಗಳ ಪಟ್ಟಿ ಮೊದಲ ಬಾರಿಗೆ ಅದರಲ್ಲಿ ಸೇರಿತು. ನ್ಯಾಯಾಲಯಗಳ ರಚನೆ ಮತ್ತು ಸ್ವಾತಂತ್ರ್ಯ ಗವರ್ನರ್ ಮರ್ಜಿಗೆ ಬಿಟ್ಟ ವಿಷಯವಾಗಿ ಉಳಿಯಲಿಲ್ಲ. ದ್ವೀಪದ ಶಾಸನಗಳನ್ನು ಈಗ ಸರ್ಕಾರದ ಜಾಲತಾಣದಲ್ಲಿ ಯಾರು ಬೇಕಾದರೂ ಓದಬಹುದು. ಹೊರಗಿನಿಂದ ಬಂದ ಪೊಲೀಸ್ ಅಧಿಕಾರಿ ಸರದಿಯ ಮೇಲೆ ಅಲ್ಲಿ ಇರುತ್ತಾರೆ. 2016ರಲ್ಲಿ ಮಾಜಿ ಮೇಯರ್ ಒಬ್ಬರು ಮಕ್ಕಳ ಅಶ್ಲೀಲ ಚಿತ್ರಗಳನ್ನು ಇಟ್ಟುಕೊಂಡ ಅಪರಾಧಕ್ಕೆ ಶಿಕ್ಷೆಗೊಳಗಾದಾಗ, ಅವರು ಹೊಸ ಸಂವಿಧಾನದ ಸಿಂಧುತ್ವವನ್ನೇ ಪ್ರಶ್ನಿಸಿ ಮತ್ತೆ ಪ್ರಿವಿ ಕೌನ್ಸಿಲ್ ಮೆಟ್ಟಿಲೇರಿದರು. 2018ರಲ್ಲಿ ಆ ಮೇಲ್ಮನವಿ ವಜಾ ಆಯಿತು. ಈ ಬಾರಿ ಆ ಅಪರಾಧದ ವಿಚಾರಣೆಗೆಂದೇ ನ್ಯಾಯಾಲಯವನ್ನು ಹೊಸದಾಗಿ ಕಟ್ಟಬೇಕಾಗಿ ಬರಲಿಲ್ಲ.